ಜನ ವಿಡಿಯೋ ಗೇಮಿಗೆ ಇಷ್ಟೊಂದು ಅಂಟಿಕೊಳ್ಳುವುದು ಯಾಕೆ? ನಾನು ಎಲ್ಲ ಡಿಲೀಟ್ ಮಾಡಿಬಿಡಲೇ?

ಇನ್ನೂ ಡಿಲೀಟ್ ಮಾಡಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ದಯವಿಟ್ಟು ಮಾಡಬೇಡಿ.

ಕೆಲಸದಿಂದ ಬಂದು ನಡುರಾತ್ರಿ ದಾಟುವವರೆಗೂ ಆಡುತ್ತೀರಿ, ನಿಮ್ಮ ಅಣ್ಣ ಅದನ್ನು ಪಲಾಯನ ಅನ್ನುತ್ತಾರೆ, ಅದಕ್ಕೇ ಒಂದೇ ಏಟಿಗೆ ಎಲ್ಲ ಅಳಿಸಿ ಹಾಕಬೇಕು ಅಂತಿದ್ದೀರಿ. ಆ ಏಟು ನಾನು ಹಾಕಿ ನೋಡಿದ್ದೇನೆ. ಆಟ ಆಡಿದ ಅಷ್ಟೂ ಕಾಲದಲ್ಲಿ ಕಳೆದುಕೊಳ್ಳದಿದ್ದುದನ್ನು ಆಟ ಬಿಟ್ಟ ಮೇಲೆ ಕಳೆದುಕೊಂಡೆ.

ಆಗ ಪಿಎಚ್.ಡಿ. ಕೊನೆಯ ಹಂತದಲ್ಲಿತ್ತು. ಸಂಜೆಯಾಯಿತೆಂದರೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಲ್ಲಿ ಬಂದ ಆನ್‌ಲೈನ್ ಆಟ ಅದು, ಬೇರೆ ಬೇರೆ ಊರಿನ, ದೇಶದ ಜನ ಒಂದೇ ಲೋಕದಲ್ಲಿ ಓಡಾಡುತ್ತಾರೆ, ಗಿಲ್ಡ್ ಅಂತ ಗುಂಪು ಕಟ್ಟಿಕೊಳ್ಳುತ್ತಾರೆ. ನಮ್ಮ ಗಿಲ್ಡಿನಲ್ಲಿ ನಾನು ಹೀಲರ್. 25 ಜನರ ರೇಡ್ ಅಂದರೆ, ಎಲ್ಲರೂ ಸೇರಿ ಬಾಸ್ ಅನ್ನುವ ದೊಡ್ಡ ಶತ್ರುವಿನ ಮೇಲೆ ಬೀಳುವ ಕಾಳಗ: ಟ್ಯಾಂಕ್ ಆದವರು ಬಾಸ್‌ನ ಹೊಡೆತ ತಡೆದು ನಿಲ್ಲುತ್ತಾರೆ, ಉಳಿದವರು ಬಾಸ್‌ನನ್ನು ಹೊಡೆಯುತ್ತಾರೆ, ಹೀಲರುಗಳಾದ ನಾವು ಕೆಲವರು ಎಲ್ಲರ ಜೀವ ಕಾಯುತ್ತೇವೆ. ನಿಜ ಹೇಳಬೇಕೆಂದರೆ ನಾನು ಬಾಸ್‌ನ ಮುಖ ಸರಿಯಾಗಿ ನೋಡಿದ್ದೇ ಕಡಿಮೆ. ಹೀಲರ್ ನೋಡುವುದು ಪರದೆಯ ಮೂಲೆಯಲ್ಲಿ ಸಾಲಾಗಿ ನಿಂತ, ಒಬ್ಬೊಬ್ಬರ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ 25 ಸಣ್ಣ ಪಟ್ಟಿಗಳನ್ನು. ಒಂದು ಪಟ್ಟಿ ಸರಕ್ಕನೆ ಅರ್ಧಕ್ಕಿಳಿಯುತ್ತದೆ, ಅಲ್ಲಿಗೆ ಮೌಸ್, ಒಂದು ಕೀ, ಪಟ್ಟಿ ತುಂಬುತ್ತದೆ. ಅಷ್ಟರಲ್ಲಿ ಇನ್ನೊಂದು ಇಳಿಯುತ್ತಿರುತ್ತದೆ. ಮಾನಾ, ಅಂದರೆ ಹೀಲ್ ಹಾಕಲು ಬೇಕಾದ ಶಕ್ತಿ, ಮುಗಿಯುತ್ತಾ ಬಂದಿದೆ, ದೊಡ್ಡ ಹೀಲ್ ಹಾಕಿದರೆ ಮುಂದಿನ ಹೊಡೆತಕ್ಕೆ ಏನೂ ಉಳಿಯುವುದಿಲ್ಲ, ಸಣ್ಣದು ಹಾಕಿದರೆ ಟ್ಯಾಂಕ್ ಬದುಕುತ್ತಾರೋ ಇಲ್ಲವೋ. ಕ್ಷಣದೊಳಗೆ ನಿರ್ಧಾರ, ಮರುಕ್ಷಣವೇ ಅದರ ಫಲ. ತಪ್ಪಾದರೆ ವೈಪ್, ಎಲ್ಲರೂ ಸತ್ತು ಮೊದಲಿನಿಂದ ಶುರು. ಯಾಕೆ ಸತ್ತೆವು ಅನ್ನುವುದು ಹೆಚ್ಚುಕಡಿಮೆ ಪ್ರತಿ ಸಲವೂ ಗೊತ್ತಾಗುತ್ತಿತ್ತು.

ಹಗಲಿನ ಕಥೆ ಬೇರೆ. ಒಂದು ಅಧ್ಯಾಯ ಕಳಿಸಿದರೆ ವಾರಗಟ್ಟಲೆ ಸದ್ದಿಲ್ಲ. ಉತ್ತರ ಬಂದರೆ ಅಂಚಿನಲ್ಲಿ "ಇನ್ನಷ್ಟು ಸ್ಪಷ್ಟವಾಗಬೇಕು" ಅಂತ ಒಂದು ಸಾಲು. ಏನು ಸ್ಪಷ್ಟವಾಗಬೇಕು, ಎಷ್ಟು, ಮಾಡಿದರೆ ಸಾಕಾಗುತ್ತದೆಯೇ? ಕೇಳಲು ಧೈರ್ಯವಿಲ್ಲ.

ಜನ ಯಾಕೆ ಅಂಟಿಕೊಳ್ಳುತ್ತಾರೆ ಅಂತ ಕೇಳಿದಿರಲ್ಲ, ನನ್ನ ಉತ್ತರದ ಮುಕ್ಕಾಲು ಪಾಲು ಈ ಎರಡು ಪ್ಯಾರಾಗಳಲ್ಲೇ ಇದೆ. ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ, ಆಂಡ್ರ್ಯೂ ಪ್ರಿಜಿಬಿಲ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಅಧ್ಯಯನ ಮಾಡಿದ್ದರು. ಮನುಷ್ಯನಿಗೆ ಮೂರು ಬೇಕು: ನನ್ನ ಆಯ್ಕೆ ನನ್ನದು ಅನ್ನುವ ಸ್ವಾತಂತ್ರ್ಯ, ನನ್ನ ಕೈಲಿ ಆಗುತ್ತದೆ ಅನ್ನುವ ಸಾಮರ್ಥ್ಯದ ಅರಿವು, ನನ್ನವರು ಅನ್ನುವವರ ಒಡನಾಟ. ಆಟ ಇವನ್ನು ಎಷ್ಟು ಪೂರೈಸುತ್ತದೋ ಅಷ್ಟು ಖುಷಿ, ಅಷ್ಟು ಮತ್ತೆ ಆಡುವ ಆಸೆ. ಗ್ರಾಫಿಕ್ಸು, ಹೊಡೆದಾಟ, ಕಥೆ ಎಲ್ಲ ಇದರ ಮೇಲಿನ ಬಣ್ಣ. ಒಳ್ಳೆಯ ಆಟಗಳು ಇದಕ್ಕಾಗಿ ಎಷ್ಟು ಶ್ರಮಪಡುತ್ತವೆ ನೋಡಿ: 2005ರ ರೆಸಿಡೆಂಟ್ ಈವಿಲ್ 4ರಲ್ಲಿ ನೀವು ಪದೇ ಪದೇ ಸಾಯುತ್ತಿದ್ದರೆ ಆಟವೇ ಸದ್ದಿಲ್ಲದೆ ಶತ್ರುಗಳ ಬಿಗಿಯನ್ನು ಸ್ವಲ್ಪ ಸಡಿಲ ಮಾಡುತ್ತದೆ, ಚೆನ್ನಾಗಿ ಆಡಿದರೆ ಬಿಗಿ ಮಾಡುತ್ತದೆ. 2011ರ ಡಾರ್ಕ್ ಸೋಲ್ಸ್ ತದ್ವಿರುದ್ಧ, ಒಂದಿಷ್ಟೂ ಕರುಣೆಯಿಲ್ಲ. ಆದರೆ ಸೋತ ಜಾಗದಲ್ಲಿ ಅದೇ ಬಾಸ್, ಅದೇ ವರಸೆಗಳು. ಕಲಿತದ್ದು ವ್ಯರ್ಥವಾಗುವುದಿಲ್ಲ ಅನ್ನುವ ಭರವಸೆ ಅಲ್ಲಿದೆ. ದಿನದಲ್ಲಿ ಎಲ್ಲೂ ಸಿಗದ ಆ ಭರವಸೆ ಒಂದೇ ಒಂದು ಕಡೆ ಸಿಗುತ್ತಿದ್ದರೆ ಜನ ಅಲ್ಲಿಗೆ ಹೋಗುತ್ತಾರೆ. ಇದನ್ನು ದೌರ್ಬಲ್ಯ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ನಾನು ಮಾಡಿದ ತಪ್ಪು. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ.

ಅಧ್ಯಾಯ ಸಲ್ಲಿಸುವ ಗಡುವು ಮೀರಿದ ರಾತ್ರಿ, ಇದಕ್ಕೆಲ್ಲ ಈ ಆಟವೇ ಕಾರಣ ಅಂತ ತೀರ್ಮಾನಿಸಿದೆ. ಆ ಆಟದಲ್ಲಿ ನಿಮ್ಮ ಪಾತ್ರವನ್ನು ಅಳಿಸಬೇಕಾದರೆ "ಡಿಲೀಟ್" ಅಂತ ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕು, ಕೈತಪ್ಪಿ ಅಳಿಸದಿರಲಿ ಅಂತ. ಟೈಪ್ ಮಾಡಿದೆ. ಗಿಲ್ಡಿಗೆ ಒಂದು ಮಾತು ಹೇಳಲಿಲ್ಲ. ಕಂಪ್ಯೂಟರಿನಿಂದ ಆಟ ತೆಗೆದೆ, ಮಾತಾಡುತ್ತಿದ್ದ ವಾಯ್ಸ್ ಚಾಟ್ ಕೂಡ ತೆಗೆದೆ. ಎಷ್ಟು ಹಗುರಾಯಿತು ಅಂದರೆ, ಬೆಳಿಗ್ಗೆ ಎದ್ದು ಬರೆಯಲು ಕೂರುವುದೇ ಬಾಕಿ ಅನ್ನಿಸಿತು.

ಬೆಳಿಗ್ಗೆ ಎದ್ದು ಫೈಲ್ ತೆರೆದೆ. ಮುಚ್ಚಿದೆ. ಸಂಜೆಯ ಹೊತ್ತಿಗೆ ಫೋನಿನಲ್ಲಿ ಯಾವ್ಯಾವುದೋ ವಿಡಿಯೋ ನೋಡುತ್ತಾ ಮಲಗಿದ್ದೆ. ಮರುದಿನವೂ ಅದೇ. ಆಟ ತಿನ್ನುತ್ತಿದ್ದ ಗಂಟೆಗಳು ಮರಳಿ ಸಿಕ್ಕವು, ಆದರೆ ಅವು ಬರವಣಿಗೆಗೆ ಹೋಗಲಿಲ್ಲ. ಬಿಡುವು ಸಿಕ್ಕಿತೆಂದ ಮಾತ್ರಕ್ಕೆ ಮನಸ್ಸು ಬರುವುದಿಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ. ಆಟದಲ್ಲಿ ಕನಿಷ್ಠ ನಾನು ಎಚ್ಚರವಾಗಿದ್ದೆ, ಯೋಚಿಸುತ್ತಿದ್ದೆ, ಯಾರ ಜೊತೆಗೋ ನಗುತ್ತಿದ್ದೆ. ಫೋನು ಹಿಡಿದು ಮಲಗಿದಾಗ ಅದೂ ಇಲ್ಲ.

ಎರಡನೆಯದಾಗಿ, ಪ್ರತಿ ಸಂಜೆ ನನ್ನ ಜೊತೆ ಮಾತಾಡುತ್ತಿದ್ದವರು ಗಿಲ್ಡಿನವರು ಮಾತ್ರ. "ಅಧ್ಯಾಯ ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದವರು ನಮ್ಮ ಗಿಲ್ಡ್ ಲೀಡರ್, ಮನೆಯವರೂ ಅಲ್ಲ, ಗೈಡೂ ಅಲ್ಲ. ಅವರನ್ನೂ ಆಟದ ಜೊತೆಯಲ್ಲೇ ಅಳಿಸಿದ್ದೆ. ಮೂರನೆಯದು ಅತ್ಯಂತ ದುಬಾರಿಯಾಯಿತು. ಏನನ್ನೋ ಚೆನ್ನಾಗಿ ಮಾಡಬಲ್ಲೆ ಅನ್ನುವುದಕ್ಕೆ ನನ್ನ ಹತ್ತಿರ ಆಗ ಇದ್ದ ಒಂದೇ ಸಾಕ್ಷಿ ಆ ರೇಡ್‌ಗಳು. ಅದನ್ನು ತೆಗೆದ ಮೇಲೆ ಉಳಿದದ್ದು ಬರೆಯಲಾಗದ ವಿದ್ಯಾರ್ಥಿ ಮಾತ್ರ. ಅಂಥ ಮನಸ್ಥಿತಿಯಲ್ಲಿ ಯಾರೂ ಒಂದು ಪುಟ ಬರೆಯಲಾರರು. ಫೆಲೋಶಿಪ್ ಅವಧಿ ಮುಗಿಯಿತು, ಪ್ರಬಂಧ ಇದ್ದಲ್ಲೇ ಇತ್ತು.

ನಾನು ಓಡಿಹೋಗುತ್ತಿದ್ದದ್ದು ಯಾವುದರಿಂದ ಅನ್ನುವುದು ಎಷ್ಟೋ ಕಾಲದ ನಂತರ ಗೊತ್ತಾಯಿತು. ಇಡೀ ಪಿಎಚ್.ಡಿ.ಯಿಂದಲ್ಲ, ಮೂರನೇ ಅಧ್ಯಾಯದ ಒಂದು ಕೋಷ್ಟಕದಿಂದ. ಸಮೀಕ್ಷೆಯಲ್ಲಿ ಕೆಲವು ಪ್ರಶ್ನೆಗಳನ್ನು ಬೇಕೆಂದೇ ಉಲ್ಟಾ ಕೇಳಿರುತ್ತಾರೆ. "ಪೂರ್ತಿ ಒಪ್ಪುತ್ತೇನೆ" ಅಂದವರಿಗೆ 5ರ ಬದಲು 1 ಅಂಕ ಕೊಟ್ಟು ತಿರುಗಿಸಬೇಕು. ನಾನು ತಿರುಗಿಸಿರಲಿಲ್ಲ. ಅದರ ಮೇಲೆ ಬಂದ ಫಲಿತಾಂಶವನ್ನು ಗೈಡ್ ಮೆಚ್ಚಿಕೊಂಡಿದ್ದರು, ಸೆಮಿನಾರಿನಲ್ಲಿ ಮಂಡಿಸಿಯೂ ಆಗಿತ್ತು. ತಪ್ಪು ಕಣ್ಣಿಗೆ ಬಿದ್ದ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಆ ದಿನದಿಂದಲೇ ನನ್ನ ಆಟದ ಗಂಟೆಗಳು ಏರಿದ್ದು. ಆಟವನ್ನು ಅಳಿಸಿದರೆ ಕೋಷ್ಟಕ ಸರಿಯಾಗುತ್ತದೆಯೇ?

ಇಲ್ಲಿ ನಿಮಗೊಂದು ವಿಷಯ ಉಪಯೋಗಕ್ಕೆ ಬರಬಹುದು. ನಾರ್ವೆಯ ಮನಶ್ಶಾಸ್ತ್ರಜ್ಞ ಫ್ರೋಡೆ ಸ್ಟೆನ್ಸೆಂಗ್ ಮತ್ತು ಸಂಗಡಿಗರು 2012ರಲ್ಲಿ ಪಲಾಯನದಲ್ಲೇ ಎರಡು ಬಗೆ ಅಂತ ಬೇರ್ಪಡಿಸಿದರು. ಒಂದರಲ್ಲಿ ಮನುಷ್ಯ ಒಳ್ಳೆಯ ಅನುಭವ ಅರಸಿ ಹೋಗುತ್ತಾನೆ, ತನ್ನನ್ನು ಹಿಗ್ಗಿಸಿಕೊಳ್ಳುತ್ತಾನೆ. ಇನ್ನೊಂದರಲ್ಲಿ ಯೋಚನೆ, ನೋವು ತಲೆಗೆ ಬಾರದಂತೆ ತನ್ನನ್ನು ಅದುಮಿಟ್ಟುಕೊಳ್ಳುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಕತ್ತಲ ಕೋಣೆ, ಬೆಳಗುವ ಪರದೆ. ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ಆ ಆಟದೊಳಗೆ ನಾನು ಹಿಡಿಯುತ್ತಿದ್ದ ಮೀನು. ಹೌದು, ಅದರಲ್ಲಿ ಮೀನು ಹಿಡಿಯಬಹುದು. ನೀರಿಗೆ ಗಾಳ ಎಸೆಯುವುದು, ಬೆಂಡು ತೇಲುವುದನ್ನು ನೋಡುತ್ತಾ ಕೂರುವುದು, ನೀರು ಚಿಮ್ಮಿದಾಗ ಕ್ಲಿಕ್, ಮತ್ತೆ ಎಸೆತ. ಬಹಳ ಜನಕ್ಕೆ ಅದು ನೆಮ್ಮದಿ, ಅವರಿಗೆ ನನ್ನ ಆಕ್ಷೇಪವಿಲ್ಲ. ನಾನು ಮಾತ್ರ ರೇಡ್ ಇಲ್ಲದ ರಾತ್ರಿಗಳಲ್ಲಿ ಮೀನು ಬೇಕಿಲ್ಲದಿದ್ದರೂ, ಖುಷಿ ಇಲ್ಲದಿದ್ದರೂ, ಕೋಷ್ಟಕ ನೆನಪಾಗಬಾರದು ಅನ್ನುವ ಒಂದೇ ಕಾರಣಕ್ಕೆ ಬೆಳಗಿನ ಜಾವದವರೆಗೂ ಆ ಬೆಂಡನ್ನೇ ನೋಡುತ್ತಿದ್ದೆ. ರೇಡ್ ಉಳಿಸಿಕೊಂಡು ಮೀನು ಬಿಟ್ಟಿದ್ದರೆ ಸಾಕಿತ್ತು. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಎರಡನ್ನೂ ಕಿತ್ತು ಹಾಕಿದೆ.

ಅದಕ್ಕೇ "ದಿನಕ್ಕೆ ಎಷ್ಟು ಗಂಟೆ ಆಡಿದರೆ ಚಟ?" ಅನ್ನುವ ನಿಮ್ಮ ಕೊನೆಯ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಗಳ ವರ್ಗೀಕರಣ, ಗೇಮಿಂಗ್ ಡಿಸಾರ್ಡರ್ ಅನ್ನು ಸೇರಿಸಿಕೊಂಡಿದೆ ನಿಜ, ಆದರೆ ಅಲ್ಲೂ ಗಂಟೆಗಳ ಲೆಕ್ಕ ಇಲ್ಲ. ಆಡುವುದರ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲದಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿಯಾಗುತ್ತಿದ್ದರೂ ಮುಂದುವರಿಯುತ್ತಿರಬೇಕು, ಮನೆ, ಓದು, ಕೆಲಸ ಗಂಭೀರವಾಗಿ ಹದಗೆಟ್ಟಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಾದರೂ ಕಾಣಿಸಿಕೊಂಡಿರಬೇಕು. ನೀವು ಬರೆದದ್ದರಲ್ಲಿ ಇಷ್ಟೆಲ್ಲ ನನಗೆ ಕಾಣಲಿಲ್ಲ. ತಡವಾಗಿ ಮಲಗುತ್ತೀರಿ, ಅಣ್ಣನ ಮಾತು ಚುಚ್ಚಿದೆ, ಅಷ್ಟು ಕಂಡಿತು.

ಆಟಗಳೆಲ್ಲ ಮುಗ್ಧ ಅಂತ ಹೇಳುತ್ತಿಲ್ಲ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಮುರಿಯಿತು. ಏನು ಸಿಗುತ್ತದೋ ಗೊತ್ತಿಲ್ಲದ ಪೆಟ್ಟಿಗೆಗೆ ದುಡ್ಡು ಕೊಡುವುದು. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ಕೊಳ್ಳುವ ಇಂಥ ಲೂಟ್ ಬಾಕ್ಸುಗಳನ್ನು ಜೂಜು ಅಂತ ಪರಿಗಣಿಸಿತು, ಸರಿಯಾಗಿಯೇ ಮಾಡಿತು. ನಿಮ್ಮ ಫೋನಿನಲ್ಲಿ ಅಂಥದ್ದೇನಾದರೂ ಇದ್ದರೆ ಅದನ್ನು ಮಾತ್ರ ಇವತ್ತೇ ತೆಗೆಯಿರಿ, ನನ್ನಿಂದ ಪೂರ್ಣ ಒಪ್ಪಿಗೆ.

"ಆ ಸ್ನೇಹಿತರೆಲ್ಲ ನಿಜವಾದವರಲ್ಲ" ಅಂತಲೂ ಅಣ್ಣ ಹೇಳಿದರು ಅಂದಿರಿ. ನಾರ್ವೆಯಲ್ಲಿ ಮ್ಯಾಟ್ಸ್ ಸ್ಟೀನ್ ಅಂತ ಒಬ್ಬ ಯುವಕನಿದ್ದ. ಡುಶೆನ್ ಎಂಬ ಸ್ನಾಯು ಕ್ಷಯಿಸುವ ಕಾಯಿಲೆ, ಗಾಲಿಕುರ್ಚಿಯ ಬದುಕು, 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಆಟದಲ್ಲೇ ಮುಳುಗಿ ಒಂಟಿಯಾಗಿ ಹೋದ ಅಂತ ತಂದೆತಾಯಿ ಕೊರಗಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು, ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ಅವನ ಗಿಲ್ಡಿನವರು ಕೆಲವರು ಅಂತ್ಯಕ್ರಿಯೆಗೂ ಬಂದರು. ಅವನು ಯಾರಿಗೆಲ್ಲ ಆಸರೆಯಾಗಿದ್ದ ಅನ್ನುವುದು ಹೆತ್ತವರಿಗೆ ಗೊತ್ತಾದದ್ದೇ ಆಗ. ಈ ಕಥೆಯನ್ನು ಅಣ್ಣನಿಗೆ ಹೇಳಿ. ನನಗೂ ನನ್ನ ಗಿಲ್ಡ್ ಲೀಡರೇ ಇಮೇಲ್ ವಿಳಾಸ ಹುಡುಕಿ ಬರೆದರು. ಸಿಟ್ಟಿರಲಿಲ್ಲ, "ಹುಷಾರಾಗಿದ್ದೀರಾ?" ಅಂತಷ್ಟೇ ಕೇಳಿದ್ದರು. ಕೋಷ್ಟಕದ ವಿಷಯ ನಾನು ಮೊದಲು ಹೇಳಿದ್ದು ಅವರಿಗೆ, ಆಮೇಲೆ ಗೈಡಿಗೆ. ಗೈಡ್ ಬೈದರು, ಅಂಕ ತಿರುಗಿಸಿ ಮತ್ತೆ ಲೆಕ್ಕ ಹಾಕಿ ತನ್ನಿ ಅಂದರು. ಫಲಿತಾಂಶ ದುರ್ಬಲವಾಯಿತು, ಅಧ್ಯಾಯ ಉಳಿಯಿತು. ಫೆಲೋಶಿಪ್ ಇಲ್ಲದೆ, ಬೇರೆ ಕೆಲಸ ಮಾಡಿಕೊಂಡು ಪ್ರಬಂಧ ಮುಗಿಸಿದೆ. ಹೊಸ ಪಾತ್ರ ಮಾಡಿಕೊಂಡು ರೇಡಿಗೂ ಮರಳಿದೆ, ಈಗಲೂ ಆಡುತ್ತೇನೆ.

ನೀವು ಮಾಡಬೇಕಾದದ್ದು ಇಷ್ಟು. ಗಂಟೆ ಕಡಿಮೆ ಮಾಡುವ ಗೊಡವೆಗೆ ಸದ್ಯಕ್ಕೆ ಹೋಗಬೇಡಿ. ಆಟ ತೆರೆಯುವುದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಯಾವ ಮೆಸೇಜ್ ಬಂದಿತ್ತು, ಯಾವ ಕೆಲಸ ತೆರೆದು ಮುಚ್ಚಿದ್ದಿರಿ, ಅದನ್ನು ಗಮನಿಸಿ. ಮತ್ತೆ ಮತ್ತೆ ಒಂದೇ ವಿಷಯ ಎದುರಾದರೆ ಅದೇ ನಿಮ್ಮ ಕೋಷ್ಟಕ. ಅದನ್ನು ಸರಿಪಡಿಸುವುದು ಆಮೇಲೆ, ಮೊದಲು ಯಾರಾದರೂ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ನಿಮ್ಮ ಅಣ್ಣನಿಗೇ ಹೇಳಬಹುದು. ನಿಮ್ಮ ಬಗ್ಗೆ ಚಿಂತೆ ಇರುವುದಕ್ಕೇ ಅವರು ಆ ಮಾತು ಆಡಿದ್ದು. ಅಂಥದ್ದೇನೂ ಎದುರಾಗದಿದ್ದರೆ ನಿಮಗೆ ಆಟ ಇಷ್ಟ, ಅಷ್ಟೇ. ಆಗ ಸ್ವಲ್ಪ ಬೇಗ ಮಲಗಿದರೆ ಸಾಕು.

ಇಷ್ಟಾದ ಮೇಲೂ ನಿಲ್ಲಿಸಬೇಕೆಂದಾಗ ನಿಲ್ಲಿಸಲು ಆಗುತ್ತಿಲ್ಲ, ಕೆಲಸಕ್ಕೆ ಕುತ್ತು ಬರುತ್ತಿದೆ ಅನ್ನಿಸಿದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ಹಿಂಜರಿಯಬೇಡಿ. ಅಲ್ಲಿ "ತುಂಬಾ ಗೇಮ್ ಆಡ್ತೀನಿ" ಅಂತ ಹೇಳಿ ನಿಲ್ಲಿಸಬೇಡಿ. ಯಾವ ಆಟ, ಅದರೊಳಗೆ ಏನು ಮಾಡುತ್ತಾ ಕೂರುತ್ತೀರಿ, ಯಾರ ಜೊತೆ, ಮುಗಿಸಿ ಎದ್ದಾಗ ಹೇಗನ್ನಿಸುತ್ತದೆ, ಎಲ್ಲವನ್ನೂ ಹೇಳಿ.