ಪ್ರ: ಜಂಬಿಟ್ಟಿಗೆ ಕೊಟ್ಟಿಗೆ ಹೋಂಸ್ಟೇ ಕೋಣೆಯಾದ ಮೇಲೆ ಗಾರೆ ಉದುರುತ್ತಿದೆ

ಎರಡು ಸಲ ಸಿಮೆಂಟ್ ಗಾರೆ ಹಾಕಿದರೂ ಸೊಂಟದೆತ್ತರದವರೆಗೆ ಬಿಳಿ ಪುಡಿ ಬಂದು ಉದುರಿತು ಎಂದಿದ್ದೀರಿ. ಮೇಸ್ತ್ರಿಯ ತಪ್ಪಲ್ಲ. ವರ್ಷಗಟ್ಟಲೆ ಗಂಜಲ ಹೀರಿದ ಗೋಡೆಯಲ್ಲಿ ನೈಟ್ರೇಟ್ ಉಪ್ಪು ತುಂಬಿರುತ್ತದೆ. ತೇವ ಒಣಗುವಾಗ ಅದು ಗಾರೆಯ ಹಿಂದೆ ಹರಳುಗಟ್ಟಿ ಪದರವನ್ನೇ ತಳ್ಳುತ್ತದೆ. ವಾಟರ್‌ಪ್ರೂಫ್ ಬಣ್ಣ ಬಳಿದರೆ ತೇವ ಇನ್ನೂ ಮೇಲೇರುತ್ತದೆ, ಅಷ್ಟೇ.

ಕಲೆಯ ಗೆರೆಗಿಂತ ಅರ್ಧ ಮೀಟರ್ ಮೇಲಿನವರೆಗೆ ಗಾರೆ ಕಿತ್ತು, ಕಲ್ಲುಗಳ ನಡುವಿನ ಸಂದುಗಳನ್ನು 2 ಸೆಂ.ಮೀ. ಆಳ ಕೆರೆಯಿರಿ. ಒಣ ಬ್ರಷ್‌ನಿಂದಲೇ ಉಜ್ಜಿ. ನೀರು ಹೊಡೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಉದುರಿದ ಪುಡಿಯನ್ನು ಹೊರಗೆ ಸಾಗಿಸಿ. ಗಂಜಲದ ಕಾಲುವೆಯ ಕೆಳಗಿನ ಮಣ್ಣನ್ನೂ ಒಂದಡಿ ತೆಗೆದು ಜಲ್ಲಿ ತುಂಬಿ. ಇದನ್ನು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಮಳೆಗಾಲ ಮುಗಿದ ಮೇಲೆ ಅರಳಿದ ಸುಣ್ಣ 1, ಹೊಳೆಮರಳು 3ರ ಗಾರೆ ಹಾಕಿ. ಸಮುದ್ರದ ಮರಳು ಬೇಡವೇ ಬೇಡ. ಒಂದು ವಾರ ಒದ್ದೆ ಗೋಣಿ ಇಳಿಬಿಡಿ. ಹೀಗೆ ಮೊದಲ ಸಲ ಹಾಕುವ ಸುಣ್ಣದ ಗಾರೆ ಉಪ್ಪು ಹೀರಿ ಹಾಳಾಗಲಿಕ್ಕೇ ಇರುವುದು, ಒಂದೆರಡು ವರ್ಷದಲ್ಲಿ ಕಿತ್ತು ಹೊಸದು ಹಾಕುವ ಖರ್ಚನ್ನೂ ಈಗಲೇ ಲೆಕ್ಕಕ್ಕಿಡಿ. ಮೇಲೆ ಪುಟ್ಟಿ, ಎಮಲ್ಷನ್ ಬೇಡ, ಸುಣ್ಣವೇ ಬಳಿಯಿರಿ. ಹೊರಗಿನ ಅಂಗಳ ಒಳನೆಲಕ್ಕಿಂತ ಎತ್ತರವಿದ್ದರೆ ಮೊದಲು ಅದನ್ನು ತಗ್ಗಿಸಿ.