ಟೊರ್ಲೋನಿಯಾ ಮೂರ್ತಿಗಳು: ತೇಪೆ ಹಾಕಿದ್ದನ್ನು ನೋಡೋಕೆ ಟಿಕೆಟ್ ಯಾಕೆ?

ಅಕ್ಕಾ, ಮಾಂಟ್ರಿಯಲ್‌ನ ಮಗಳ ಮನೆಗೆ ಹೋದಾಗ ರೋಮ್‌ನ ಟೊರ್ಲೋನಿಯಾ ಮನೆತನದ ಹಳೇ ಅಮೃತಶಿಲೆಯ ಮೂರ್ತಿಗಳನ್ನು ಅಲ್ಲಿನ ಪ್ರದರ್ಶನದಲ್ಲಿ ನೋಡಬಹುದು, ಆದರೆ ಮೂಗು, ಕೈ ಎಲ್ಲ ಆಮೇಲೆ ಅಂಟಿಸಿದ್ದಂತೆ, ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ನಾನು 2021ರಲ್ಲಿ ರೋಮ್‌ನಲ್ಲೇ ನೋಡಿದ್ದೆ. ಖಂಡಿತ ಹೋಗಿ. ಆ ತೇಪೆ ನೋಡೋಕೇ ಹೋಗಿ.

ನಮ್ಮಲ್ಲಿ ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು, ನೀರಿಗೆ ಬಿಟ್ಟುಬಿಡುತ್ತೇವೆ. ರೋಮ್‌ನ ಸಿರಿವಂತರದು ಬೇರೆ ಲೆಕ್ಕ. ಅಗೆದಾಗ ಬರೀ ಮುಂಡ ಸಿಕ್ಕರೂ ಸರಿ, ಶಿಲ್ಪಿಯನ್ನು ಕರೆಸಿ ತಲೆ, ಕೈಕಾಲು ಕೂಡಿಸಿ ಮನೆಯಲ್ಲಿ ನಿಲ್ಲಿಸುತ್ತಿದ್ದರು. ಮೂಗಿಲ್ಲದ ದೇವತೆ ಯಾರಿಗೆ ಬೇಕಿತ್ತು!

ಟೊರ್ಲೋನಿಯಾ ಸಂಗ್ರಹದಲ್ಲಿ ಒಂದು ಮಲಗಿದ ಮೇಕೆ ಇದೆ. ಮೈ ಪ್ರಾಚೀನ ರೋಮ್‌ನದು, ಕೂದಲು ಗೊಂಚಲು ಗೊಂಚಲಾಗಿ ಇಳಿಬಿದ್ದಿದೆ. ತಲೆ ಮಾತ್ರ 17ನೇ ಶತಮಾನದ್ದು, ಆ ಕಾಲದ ಹೆಸರಾಂತ ಶಿಲ್ಪಿ ಬರ್ನಿನಿಯ ಕೈಕೆಲಸ ಎನ್ನುತ್ತಾರೆ. ಯಾರೋ ಕರೆದರು ಅಂತ ತಿರುಗಿದ ಹಾಗಿದೆ ಅದರ ಮುಖ. ಆ ತಲೆಯನ್ನು ನಕಲಿ ಅಂತ ಕಿತ್ತು ಹಾಕೋಕಾಗುತ್ತಾ? ಇನ್ನೊಂದು ಪುರಾಣದ ವೀರ ಹರ್ಕ್ಯುಲಿಸ್, 112 ತುಂಡು ಸೇರಿಸಿ ನಿಲ್ಲಿಸಿದ್ದು. ನಾನು ಮುಂದೆ ಎರಡು ನಿಮಿಷ, ಹಿಂದೆ ಹತ್ತು ನಿಮಿಷ ನಿಂತಿದ್ದೆ.

ಸಂಗ್ರಹದ ಕಥೆಯೂ ಹಾಗೇ, ತುಂಡು ತುಂಡು. ಬ್ಯಾಂಕ್ ನಡೆಸುತ್ತಿದ್ದ ಮನೆತನ ಅದು. ಹಳೇ ಮನೆತನಗಳ ಸಂಗ್ರಹ ಕೊಂಡರು, ತಮ್ಮ ಜಮೀನನ್ನೂ ಅಗೆಸಿದರು. 1875ರಲ್ಲಿ ಅಲೆಸ್ಸಾಂಡ್ರೊ ಟೊರ್ಲೋನಿಯಾ ಸ್ವಂತ ಮ್ಯೂಸಿಯಂ ಮಾಡಿದ. ಒಟ್ಟು 620 ಮೂರ್ತಿ. ಆದರೆ ಒಳಗೆ ಬಿಡುತ್ತಿದ್ದುದು ಕೆಲವರನ್ನು ಮಾತ್ರ. 1970ರ ದಶಕದಲ್ಲಿ ಆ ಕಟ್ಟಡವನ್ನೇ ಫ್ಲ್ಯಾಟ್ ಮಾಡಿಬಿಟ್ಟರು, ಮೂರ್ತಿಗಳು ಗೋಡೌನ್ ಸೇರಿದವು. 2016ರಲ್ಲಿ ಸರ್ಕಾರದ ಜೊತೆ ಒಪ್ಪಂದ ಆಗಿ, 2020ರಲ್ಲಿ 92 ಮೂರ್ತಿಗಳು ಜನರ ಮುಂದೆ ಬಂದವು. ಆ ಪ್ರದರ್ಶನದಲ್ಲಿ ಅವನ್ನು ಸಾಲಾಗಿ ಇಟ್ಟಿದ್ದ ರೀತಿ ನನಗೆ ತುಂಬಾ ಹಿಡಿಸಿತು. ಮೊದಲ ಕೋಣೆಯಲ್ಲಿ 1875ರ ಮ್ಯೂಸಿಯಂ, ಮುಂದೆ ಹೋದಂತೆ ಇನ್ನೂ ಹಿಂದಿನ ಕಾಲದ ಸಂಗ್ರಹಗಳು. ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಹಿಂದಕ್ಕೆ ನಡೆಯುತ್ತಾ ತಿಳಿಯುತ್ತದೆ.

ಈಗ ನೋಡುವ ಬಗೆ. ಊರಿಂದ ಊರಿಗೆ ಮೂರ್ತಿಗಳು ಬದಲಾಗುತ್ತವೆ. 2025ರಲ್ಲಿ ಷಿಕಾಗೊದಲ್ಲಿ ಇಟ್ಟಿದ್ದು 58. ಮೇಕೆ ಇದೆಯಾ ಅಂತ ಮೊದಲೇ ಮಗಳ ಹತ್ತಿರ ವೆಬ್‌ಸೈಟ್ ನೋಡಿಸಿ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಡಬೇಡಿ, ಹತ್ತು ಆರಿಸಿಕೊಳ್ಳಿ. ಮುಖ ಬಿಟ್ಟು ಮೊದಲು ಕುತ್ತಿಗೆ ನೋಡಿ. ಕಲ್ಲಿನ ಬಣ್ಣ ತುಸು ಬದಲಾಗಿದ್ದರೆ, ಕೂದಲೆಳೆಯಂಥ ಗೆರೆ ಸುತ್ತ ಓಡಿದ್ದರೆ ಅದೇ ಕೀಲು. ಆಮೇಲೆ ಮೂಗಿನ ತುದಿ, ಬೆರಳು, ಮೊಣಕೈ, ಅಂದರೆ ಬಿದ್ದಾಗ ಮೊದಲು ಮುರಿಯುವ ಜಾಗಗಳು. ಸುಮ್ನೆ ಎದುರು ನಿಲ್ಲದೆ ಪಕ್ಕದಿಂದ ಬಾಗಿ ನೋಡಿ, ಬೆಳಕು ಓರೆಯಾಗಿ ಬಿದ್ದಾಗ ಉಳಿಯ ಗುರುತು ಏಳುತ್ತದೆ. ಚಕ್ರವರ್ತಿಗಳ ಸಾಲು ಸಾಲು ತಲೆಗಳ ಮುಂದೆ ಜಾಸ್ತಿ ಹೊತ್ತು ಕಳೆಯಬೇಡಿ, ಹೆಸರೆಲ್ಲ ಕಲಸಿಹೋಗುತ್ತವೆ.

ಪ್ರಾಚೀನ ರೋಮ್‌ನ ಪೋರ್ಟಸ್ ಬಂದರಿನ ಉಬ್ಬುಶಿಲ್ಪ ಸಿಕ್ಕರೆ ಬಿಡಬೇಡಿ. ಹಡಗು, ದೀಪಸ್ತಂಭ, ಒಂದು ದೊಡ್ಡ ಕಣ್ಣು, ಎಲ್ಲ ಇಕ್ಕಟ್ಟಾಗಿ ತುಂಬಿವೆ. ಅದರಲ್ಲಿ ಹಳೇ ಬಣ್ಣದ ಕುರುಹೂ ಉಳಿದಿದೆ. ಮೊಮ್ಮಕ್ಕಳು ಜೊತೆಗಿದ್ದರೆ ಹೊಸ ಮೂಗು ಎಷ್ಟು ಅಂತ ಎಣಿಸೋಕೆ ಹೇಳಿ, ಒಂದು ಗಂಟೆ ನೆಮ್ಮದಿ.