ಭೀಮಾ ನೆರೆಯಲ್ಲಿ ತೊಗರಿ ಹೋದ 30 ಮನೆಗಳಿಗೆ 3 ಲಕ್ಷ ರೂಪಾಯಿಯನ್ನು ಹೇಗೆ ಬಳಸಬೇಕು?

ನೀವು ಕೇಳಿದ್ದು: ಜೇವರ್ಗಿ ತಾಲೂಕಿನ ಭೀಮಾ ದಂಡೆಯ ಊರಲ್ಲಿ 30 ಮನೆಗಳ ತೊಗರಿ ನೀರು ನಿಂತು ಹೋಗಿದೆ, ಅರ್ಧ ಮಂದಿ ಗುಳೆ ಹೊರಟಿದ್ದಾರೆ, ಸಂಘದಲ್ಲಿ 3 ಲಕ್ಷ ಇದೆ, ಬೀಜ-ಗೊಬ್ಬರ ಹಂಚಬೇಕೋ, ಕೃಷಿ ಹೊಂಡ ತೋಡಿಸಬೇಕೋ?

ನನ್ನ ಉತ್ತರ: ಹೊಂಡ ಬೇಡ. ಬೀಜ ಕೊಡಿ, ಆದರೆ ಪುಕ್ಕಟೆ ಹಂಚಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಹೊಲದಿಂದ ನೀರು ಹೊರಗೆ ಹೋಗುವ ದಾರಿ ಮಾಡಿ. 2020ರ ಅಕ್ಟೋಬರ್‌ನಲ್ಲೂ 2025ರ ಸೆಪ್ಟೆಂಬರ್‌ನಲ್ಲೂ ಭೀಮಾ ತುಂಬಿ ಬಂತು. ನದಿ ನೀರನ್ನು ನಾವು ತಡೆಯಲಾರೆವು. ಆದರೆ ದಂಡೆಯಿಂದ ದೂರದ ಎರೆ ಹೊಲಗಳಲ್ಲಿ ತೊಗರಿ ಸಾಯುವುದು ಬಹುಪಾಲು ಮಳೆ ನೀರು ನಾಲ್ಕೈದು ದಿನ ನಿಂತಿದ್ದಕ್ಕೆ. ಅದನ್ನು ತಪ್ಪಿಸಬಹುದು.

ಈಗಲೇ ಆಗಬೇಕಾದ್ದು ಹಿಂಗಾರಿ. ಉತ್ತರಾ, ಹಸ್ತ ಮಳೆಯ ಹೊತ್ತಿಗೆ ಬಯಲಾದ ಹೊಲದಲ್ಲಿ ಬಿಳಿ ಜೋಳ (ಎಂ 35-1 ತಳಿ, ಎಕರೆಗೆ 3 ಕಿಲೋ) ಅಕ್ಟೋಬರ್ ಮಧ್ಯದವರೆಗೆ ನಡೆಯುತ್ತದೆ. ಅದು ದಾಟಿದರೆ ಕಡಲೆ (ಜೆಜಿ-11 ತಳಿ, ಎಕರೆಗೆ 25 ಕಿಲೋ) ಅಥವಾ ಕುಸುಬೆ (ಎಕರೆಗೆ 3ರಿಂದ 4 ಕಿಲೋ). ಕುಸುಬೆ ಆಳದ ತೇವ ಎಳೆದುಕೊಂಡು ಬದುಕುತ್ತದೆ. ಅದರ ಮುಳ್ಳಿಗೆ ದನ ಬಾಯಿ ಹಾಕುವುದಿಲ್ಲ, ಅದೂ ಲಾಭವೇ. ಅವಸರಪಟ್ಟು ಹಸಿ ಮಣ್ಣಿಗೆ ಕೂರಿಗೆ ಇಳಿಸಬೇಡಿ. ಒಂದು ಮುಷ್ಟಿ ಮಣ್ಣು ಹಿಡಿದು ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಹದ ಬಂದಿಲ್ಲ, ಒಡೆದು ಹರಡಿದರೆ ಬಿತ್ತಬಹುದು. ಹಸಿಯಲ್ಲಿ ಬಿತ್ತಿದ ಕಡಲೆಗೆ ಬುಡ ಕೊಳೆಯುತ್ತದೆ, ಕೂರಿಗೆ ಹಾದ ಕಡೆ ಮಣ್ಣು ಹೆಂಟೆಯಾಗಿ ಗಟ್ಟಿಯಾಗುತ್ತದೆ. ಮನೆಗೆ ಒಂದು ಎಕರೆ ಕಡಲೆ ಎಂದರೆ 30 ಮನೆಗೆ 750 ಕಿಲೋ ಬೀಜ. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ಪಹಣಿ ಇದ್ದವರಿಗೆ ಸಿಗುತ್ತದೆ. ಲಾವಣಿಗೆ, ಪಾಲಿಗೆ ಹೊಲ ಹಿಡಿದವರಿಗೆ ಅಲ್ಲಿ ಕಷ್ಟ. ನಿಮ್ಮ ದುಡ್ಡು ಮೊದಲು ಮುಟ್ಟಬೇಕಾದ್ದು ಅವರಿಗೆ, ಯಾಕೆಂದರೆ ಸರ್ಕಾರದ ಬೆಳೆ ಪರಿಹಾರವೂ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಹೋಗುತ್ತದೆ.

ಇನ್ನು ನೀರಿನ ದಾರಿ. ತೊಗರಿ ಸಾಲು 3 ಅಡಿಗೆ ಇದ್ದರೆ ಪ್ರತಿ ನಾಲ್ಕರಿಂದ ಆರು ಸಾಲಿಗೆ ಒಂದು ಬಸಿಗಾಲುವೆ ಬೇಕು, ಆಳ ಒಂದು ಅಡಿ. ಬಿತ್ತಿ 30-35 ದಿನಕ್ಕೆ ಎಡೆ ಹೊಡೆಯುವಾಗಲೇ ರೆಂಟೆಯಲ್ಲಿ ಎಳೆದರೆ ಬೇರೆ ಕೂಲಿ ಬೀಳುವುದಿಲ್ಲ. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ (ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಎರೆ ಮಣ್ಣಿಗೆಂದೇ ರೂಪಿಸಿದ ಅಗಲ ಮಡಿ-ಸಾಲು ಪದ್ಧತಿಯೂ ಇದೇ ತತ್ವದ್ದು: ಸುಮಾರು ಒಂದು ಮೀಟರ್ ಮಡಿ, ಅರ್ಧ ಮೀಟರ್ ಕಾಲುವೆ, ನೂರು ಅಡಿಗೆ ಅರ್ಧ ಅಡಿಯಷ್ಟು ಇಳಿಜಾರು. ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಕಾಲುವೆಯನ್ನು ಇಳಿಜಾರಿಗೆ ನೇರವಾಗಿ ಎಳೆಯುವುದು. ಆಗ ನೀರಿನ ಜೊತೆ ಮೇಲ್ಮಣ್ಣೂ ಹೋಗುತ್ತದೆ. ಓರೆಯಾಗಿ ಎಳೆಯಬೇಕು. ಎರಡು, ಕಾಲುವೆಯ ಬಾಯಿ ಪಕ್ಕದವರ ಹೊಲಕ್ಕೆ ಬಿಡುವುದು. ಮೊದಲ ಜೋರು ಮಳೆಗೇ ಜಗಳ ಎದ್ದು, ಅವರು ಬಾಯಿ ಕಟ್ಟುತ್ತಾರೆ. ಆದ್ದರಿಂದ ಇದನ್ನು ಮನೆ ಲೆಕ್ಕದಲ್ಲಿ ಮಾಡಬೇಡಿ. ಮೇಲಿನ ಹೊಲದಿಂದ ಹಳ್ಳದವರೆಗೆ ಇಡೀ ಪಟ್ಟಿಯನ್ನು ಎಲ್ಲರನ್ನೂ ಕರೆದು ನಡೆದು ನೋಡಿ, ಹಳೆಯ ಒಡ್ಡುಗಳಲ್ಲಿ ಕಲ್ಲಿನ ಕೋಡಿ ಎಲ್ಲಿ ಬೇಕೆಂದು ಗುರುತು ಹಾಕಿ. ಎರೆ ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಕೋಡಿ ಇಲ್ಲದಿದ್ದರೆ ನೀರು ಆ ಬಿರುಕನ್ನೇ ಹಿಡಿದು ಒಡ್ಡು ಒಡೆಯುತ್ತದೆ. ನಿಮ್ಮ 3 ಲಕ್ಷದ ದೊಡ್ಡ ಪಾಲು ಈ ಕೋಡಿ, ಕಾಲುವೆಗಳ ಕೂಲಿಗೆ ಹೋಗಲಿ. ಗುಳೆ ಹೊರಟವರಿಗೆ ಊರಲ್ಲೇ ಕೆಲವು ವಾರ ಕೆಲಸವಾಯಿತು.

ಹೊಂಡ ಯಾಕೆ ಬೇಡ ಅಂದರೆ ಲೆಕ್ಕ ನೋಡಿ. ಮೇಲೆ 10×10 ಮೀಟರ್, ಆಳ 3 ಮೀಟರ್ ಹೊಂಡದಲ್ಲಿ ಬದಿ 1:1 ಇಳಿಜಾರಿದ್ದರೆ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) 1.56 ಲಕ್ಷ ಲೀಟರ್ ಹಿಡಿಯುತ್ತದೆ. ಎರೆ ಮಣ್ಣು ಉಬ್ಬಿ ಕುಸಿಯುವುದರಿಂದ ಬದಿಯನ್ನು 1.5:1ಕ್ಕೆ ಇಳಿಸಿದರೆ 1.11 ಲಕ್ಷಕ್ಕೆ ಬರುತ್ತದೆ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಅಂದರೆ ಒಂದು ಹೊಂಡ, ಒಂದು ಎಕರೆ, ಒಂದು ಸಲ. ಹೂ-ಕಾಯಿ ಹೊತ್ತಿಗೆ ಆ ಒಂದು ಸಲದ ನೀರು ಬಹಳ ಬೆಲೆಯದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ದುಡ್ಡಿಗೆ ಕೆಲವೇ ಮನೆಗೆ ಹೊಂಡ ಆಗುತ್ತದೆ, ಉಳಿದವರು ನೋಡುತ್ತ ಕೂರಬೇಕು. ಹೊಂಡಕ್ಕೆ ಸಹಾಯಧನ ಕೊಡುವ ಕೃಷಿ ಭಾಗ್ಯದಂಥ ಸರ್ಕಾರಿ ಯೋಜನೆಗೆ ಅರ್ಜಿ ಹಾಕಿಸಿ, ಕಾಗದಪತ್ರದ ಓಡಾಟಕ್ಕೆ ಮಾತ್ರ ನಿಮ್ಮವರು ನಿಲ್ಲಲಿ.

ಮುಂದಿನ ಮುಂಗಾರಿಗೆ ತೊಗರಿ ಬೀಜ. ಇಲ್ಲಿ ಗಿಡ ಒಣಗಿದರೆ ಎಲ್ಲಕ್ಕೂ ‘ನೆಟೆ’ ಅನ್ನುತ್ತಾರೆ, ಅದೇ ಗೊಂದಲದ ಮೂಲ. ಹೂ-ಕಾಯಿ ಹಂತದಲ್ಲಿ ಅಲ್ಲಲ್ಲಿ ಒಣಗಿ, ಕಾಂಡ ಸೀಳಿದಾಗ ಒಳಗೆ ಕಂದು-ಕಪ್ಪು ಗೆರೆ ಕಂಡರೆ ಅದು ನಿಜವಾದ ನೆಟೆ ರೋಗ. ಎಳೆ ಗಿಡ, ನೀರು ನಿಂತ ತಗ್ಗಿನಲ್ಲಿ, ಬುಡದ ಹತ್ತಿರ ಕಂದು ಕಲೆಯಾಗಿ ಅಲ್ಲೇ ಮುರಿದರೆ ಫೈಟಾಪ್ತೊರಾ ಅಂಗಮಾರಿ. ಬಿಸಿಲು ಬಲಿತ ಮೇಲೆ ಒಣಗಿ, ಕಿತ್ತಾಗ ಬೇರು ಪುಡಿಯಾದರೆ ಒಣ ಬೇರು ಕೊಳೆ. ಎರಡನೆಯದಕ್ಕೆ ಔಷಧಕ್ಕಿಂತ ಕಾಲುವೆ ದೊಡ್ಡದು. ಮೊದಲನೆಯದಕ್ಕೆ ತಳಿ ಮತ್ತು ಬೆಳೆ ಬದಲಾವಣೆ: ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್, ಜಿಆರ್‌ಜಿ-811 ನೆಟೆ ತಡೆಯುತ್ತವೆ. ಆದರೆ 2022-23ರಲ್ಲಿ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನೆಟೆ ಎಷ್ಟು ಹಾಳು ಮಾಡಿತೆಂದು ಎಲ್ಲರಿಗೂ ಗೊತ್ತು, ಹಾಗಾಗಿ ತಳಿಯೊಂದನ್ನೇ ನಂಬಬೇಡಿ. ರೋಗದ ಶಿಲೀಂಧ್ರ ಹೊಲದಲ್ಲುಳಿದ ಕೂಳೆಯಲ್ಲಿ ಮೂರು ವರ್ಷದವರೆಗೂ ಬದುಕುತ್ತದೆ. ರೋಗ ಬಿದ್ದ ಹೊಲದ ಕೂಳೆ ಆರಿಸಿ ತೆಗೆದು, ಒಂದೆರಡು ವರ್ಷ ಜೋಳ ಹಾಕಿ.

ಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಕಿಲೋಗೆ 4 ಗ್ರಾಂ, ನಂತರ ರೈಜೋಬಿಯಂ (ಬೇರಿಗೆ ಸಾರಜನಕ ಒದಗಿಸುವ ಜೀವಾಣು ಗೊಬ್ಬರ), ನೆರಳಲ್ಲಿ ಆರಿಸಿ ಅದೇ ದಿನ ಬಿತ್ತನೆ. ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಟ್ರೈಕೋಡರ್ಮಾ ಕಲಸಿದರೆ ಅದೂ ಶಿಲೀಂಧ್ರವೇ, ಸಾಯುತ್ತದೆ. ಬಿಸಿಲಿಗೆ ಇಟ್ಟ ಪ್ಯಾಕೆಟ್ಟೂ ಅಷ್ಟೇ. ಮೊಳಕೆ ನೋಡದೆ ಯಾರಿಗೂ ಬೀಜ ಕೊಡಬೇಡಿ: ನೂರು ಕಾಳು ಒದ್ದೆ ಗೋಣಿತಾಟಿನಲ್ಲಿ ಸುತ್ತಿಡಿ, 75 ಮೊಳೆತರೆ ಸರಿ. 60 ಬಂದರೆ ಎಕರೆಗೆ 5 ಕಿಲೋ ಬದಲು 6 ಕಾಲು ಕಿಲೋ.

ಹಂಚುವ ರೀತಿ ಹೀಗಿರಲಿ: 5 ಕಿಲೋ ಕೊಟ್ಟರೆ ರಾಶಿಯ ದಿನ ಏಳೂವರೆ ಕಿಲೋ ವಾಪಸ್. ಬೆಳೆ ಪೂರಾ ಹೋದರೆ ಬಾಕಿ ಮುಂದಿನ ವರ್ಷಕ್ಕೆ. ರೋಗ ಬಿದ್ದ ಹೊಲದ್ದು ಬಂದರೆ ಬೇಳೆಗೆ ಮಾರಿ, ಬೀಜಕ್ಕೆ ಇಡಬೇಡಿ. ತೊಗರಿಯ ಹೂವಿಗೆ ಜೇನು ಕೂತು ತಳಿ ಬೆರೆಯುವುದರಿಂದ ಬೀಜದ ಹೊಲ ಬೇರೆ ತಳಿಯಿಂದ 100 ಮೀಟರ್ ದೂರ ಇರಲಿ, ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತನ್ನಿ.

ಒಂಟಿ ತೊಗರಿ ಬೇಡ. ಸಾಲಿನ ನಡುವೆ ಹೆಸರು ಹಾಕಿದರೆ 60-65 ದಿನಕ್ಕೆ ಕೈಗೆ ಕಾಸು, ಆದರೆ ಜೂನ್‌ನಲ್ಲೇ ಬಿತ್ತಬೇಕು. ಪುನರ್ವಸು ಮಳೆ ಕಳೆದ ಮೇಲಾದರೆ ಸಜ್ಜೆ ವಾಸಿ. 50 ದಿನದ ಸುಮಾರಿಗೆ ಕುಡಿ ಚಿವುಟಿ. ಹೂ ಬಿಟ್ಟಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಪೋಷಕಾಂಶ ಮಿಶ್ರಣವನ್ನು ಎಕರೆಗೆ 2 ಕಿಲೋದಂತೆ, ಲೀಟರ್ ನೀರಿಗೆ 10 ಗ್ರಾಂ ಬೆರೆಸಿ ಸಿಂಪಡಿಸಿ, 15 ದಿನ ಬಿಟ್ಟು ಇನ್ನೊಮ್ಮೆ.

ಕೊನೆಗೆ ಬೆಳೆ ವಿಮೆ. ಮುಂಗಾರಿ ಕಂತು ವಿಮಾ ಮೊತ್ತದ ಶೇ 2. ಹೊಲ ಜಲಾವೃತವಾದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು. ಮುಖ್ಯವಾಗಿ, ನೆಟೆ ರೋಗ ಈ ವೈಯಕ್ತಿಕ ದೂರಿನ ಪಟ್ಟಿಯಲ್ಲಿಲ್ಲ. ಅದರ ನಷ್ಟ ಗ್ರಾಮ ಪಂಚಾಯಿತಿಯ ಬೆಳೆ ಕಟಾವು ಪ್ರಯೋಗದ (ಆಯ್ದ ಹೊಲಗಳ ಬೆಳೆ ಕೊಯ್ದು ತೂಗುವುದು) ಸರಾಸರಿಯಲ್ಲಿ ಕಂಡರೆ ಮಾತ್ರ ದುಡ್ಡು. ವಿಮೆಯಲ್ಲಿ ತೊಗರಿ ಬರೆಸಿ ಸರ್ಕಾರದ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಹತ್ತಿ ಅಂತ ಫೋಟೊ ಏರಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಪ್ರತಿ ಮನೆಯ ಸಮೀಕ್ಷೆ ವಿವರವನ್ನು ಆಗಸ್ಟ್‌ನಲ್ಲೇ ತೆರೆದು ನೋಡಿ, ತಪ್ಪಿದ್ದರೆ ಆಗಲೇ ಆಕ್ಷೇಪಣೆ ಹಾಕಿಸಿ. ಫೋನ್ ಬಳಸಬಲ್ಲ ಒಬ್ಬ ಹುಡುಗ, ಇಲ್ಲವೇ ಹುಡುಗಿಗೆ ಈ ಕೆಲಸ ಒಪ್ಪಿಸಿ, ಮನೆಗಿಷ್ಟು ಅಂತ ಕೂಲಿ ಕೊಡಿ.